ಬೆಂಕಿ ವಿಮೆ ಮತ್ತು ಕಾಲಿರುವ ಪೆಟ್ಟಿಗೆ

8 ಜುಲೈ 2024, ಸೋಮವಾರ
ಡೊಂಬಿವಲಿ

ಇಂದು ಕಚೇರಿ ತಪ್ಪಿತು. ರಾತ್ರಿ ಒಂದರಿಂದ ಬೆಳಗಿನ ಏಳರೊಳಗೆ ಮುಂಬಯಿಯ ಕೆಲವೆಡೆ 300 ಮಿಲಿಮೀಟರ್‌ಗೂ ಹೆಚ್ಚು ಮಳೆ. ಹಳಿಗಳ ಮೇಲೆ ನೀರು ನಿಂತು ಲೋಕಲ್‌ಗಳು ಅಸ್ತವ್ಯಸ್ತ. ನಿಲ್ದಾಣದವರೆಗೆ ಹೋಗಿ, ಪ್ಯಾಂಟು ಒದ್ದೆ ಮಾಡಿಕೊಂಡು ಮರಳಿದೆ. ಎರಡನೆಯ ಚಹಾ ಮುಗಿಸಿ, ಫ್ಲೋರಾ ಫೌಂಟನ್‌ನ ಫುಟ್‌ಪಾತಿನಲ್ಲಿ ಎಂದೋ ಕೊಂಡಿದ್ದ, ಇಂಗ್ಲಿಷ್ ಹಾಸ್ಯ ಲೇಖಕ ಟೆರಿ ಪ್ರಾಚೆಟ್‌ರ ‘ದ ಕಲರ್ ಆಫ್ ಮ್ಯಾಜಿಕ್’ ತೆರೆದೆ. 1983ರ ಪುಸ್ತಕ, ಡಿಸ್ಕ್‌ವರ್ಲ್ಡ್ ಸರಣಿಯ 41 ಕಾದಂಬರಿಗಳಲ್ಲಿ ಮೊದಲನೆಯದು.

ತಟ್ಟೆಯಂತಹ ಭೂಮಿ, ಅದನ್ನು ಹೊತ್ತ ನಾಲ್ಕು ಆನೆಗಳು, ಆನೆಗಳ ಕೆಳಗೊಂದು ಆಮೆ. ಅಷ್ಟದಿಗ್ಗಜಗಳನ್ನೂ ಆದಿಕೂರ್ಮನನ್ನೂ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನಿಗೆ ಇದರಲ್ಲಿ ಬೆರಗೇನಿಲ್ಲ. ಆನೆಗಳು ನಾಲ್ಕು ಕಡಿಮೆಯಾದವಲ್ಲಾ ಎನ್ನಿಸಿತು, ಅಷ್ಟೇ. ಆದರೆ ಆಮೆ ಗಂಡೋ ಹೆಣ್ಣೋ ಎಂದು ಅಲ್ಲಿನ ಪಂಡಿತರು ತಲೆಕೆಡಿಸಿಕೊಂಡಿದ್ದಾರೆ, ಇಣುಕಿ ಬರಲು ಭೂಮಿಯ ಅಂಚಿನಿಂದ ನೌಕೆ ಇಳಿಸಲು ಹೊರಟಿದ್ದಾರೆ. ಅಜ್ಜಿಯನ್ನು ಹೀಗೆ ಕೇಳಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ನಾನು ಬಿದ್ದು ಬಿದ್ದು ನಕ್ಕಿದ್ದು ಬೆಂಕಿ ವಿಮೆಗೆ. ಟೂಫ್ಲವರ್ ಎಂಬ ಪ್ರವಾಸಿ ತನ್ನ ಊರಿನಲ್ಲಿ ವಿಮೆ ಗುಮಾಸ್ತ. ಪರವೂರಿನ ಹೆಂಡದಂಗಡಿಯವನಿಗೆ ವಿಮೆಯೆಂದರೇನು ಎಂದು ತಿಳಿಸಿಕೊಡುತ್ತಾನೆ: ಸುಟ್ಟರೆ ದುಡ್ಡು. ಅಂಗಡಿಯವನು ತಡಮಾಡುವುದಿಲ್ಲ, ಅಂಗಡಿಯೊಂದಿಗೆ ಊರೇ ಹೊತ್ತಿ ಉರಿಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಬೆಂಕಿ ವಿಮೆಯ ಕ್ಲೇಮು ಕಡತಗಳನ್ನೇ ತಿರುವುತ್ತಿರುವವನು ನಾನು. ಶುಕ್ರವಾರ ಪಾಲಿಸಿ, ಭಾನುವಾರ ಬೆಂಕಿ. ಗೊತ್ತು. ಈ ಪುಸ್ತಕದಲ್ಲಿ ಮಂತ್ರ ಬಾರದ ಮಂತ್ರವಾದಿಯಿದ್ದಾನೆ, ನೂರಾರು ಪುಟ್ಟ ಕಾಲುಗಳಲ್ಲಿ ಒಡೆಯನ ಹಿಂದೆ ಓಡುವ ಮರದ ಪೆಟ್ಟಿಗೆಯಿದೆ. ಇಂತಹದನ್ನು ಅಸಂಗತ ಎನ್ನುತ್ತಾರೆ. ನನಗೇನೋ ನಷ್ಟ ಅಳೆಯುವ ವಿಮೆ ಸರ್ವೇಯರ್ ವರದಿಯಷ್ಟೇ ಸುಸಂಗತವಾಗಿ ಕಂಡಿತು.

ಯಕ್ಷಗಾನದ ನೆನಪಾಯಿತು. ರಾಜ ಸಿಂಹಾಸನದ ಮುಂದೆ ಆರ್ಭಟಿಸುತ್ತಿರುವಾಗ, ದೂತನ ವೇಷದ ಹಾಸ್ಯಗಾರ ಮೆಲ್ಲಗೆ ಸಂಬಳದ ಬಾಕಿ ಕೇಳುತ್ತಾನೆ. ಆಟ ಕೆಡುವುದಿಲ್ಲ, ರಾಜನ ಕಿರೀಟ ಇನ್ನೊಂದು ಗೇಣು ಎತ್ತರವಾಗುತ್ತದೆ. ಪ್ರಾಚೆಟ್ ಇಡೀ ಪ್ರಸಂಗವನ್ನೇ ಆ ದೂತನ ಕೈಗೆ ಕೊಟ್ಟಿದ್ದಾರೆ. (ಕಥೆ ನಡುವೆ ದಿಕ್ಕುತಪ್ಪಿ ಅಲೆಯುತ್ತದೆ ಎಂಬುದೂ ನಿಜ. ಭಾಗವತರಿಲ್ಲದ ಆಟ.)

ಸಂಜೆ ಒಂದು ಪುಟ ಕನ್ನಡಕ್ಕೆ ತರಲು ಕುಳಿತೆ. ಸಾವು ಇಲ್ಲೊಂದು ಪಾತ್ರ. ಅದರ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ನಮ್ಮಲ್ಲಿ ದೊಡ್ಡಕ್ಷರವೆಲ್ಲಿದೆ? ಹಳಗನ್ನಡ ಬರೆದು ನೋಡಿದೆ, ಪೌರಾಣಿಕ ನಾಟಕವಾಯಿತು. ಕೊನೆಗೆ, ಊರಿನ ಜಮೀನಿನ ವಿಷಯವಾಗಿ ಬರುವ ಸರ್ಕಾರಿ ನೋಟಿಸಿನ ಕನ್ನಡ ಹೊಳೆಯಿತು. ನನ್ನದೇ ಒಂದು ಸಾಲು ಕಟ್ಟಿ ಹೆಂಡತಿಗೆ ಓದಿದೆ: “ತಾವು ಮೃತರಾಗಿರುವುದಾಗಿ ಈ ಮೂಲಕ ತಿಳಿಯಪಡಿಸಲಾಗಿದೆ.”

ಒಣಗದ ಪ್ಯಾಂಟನ್ನು ಫ್ಯಾನಿನ ಕೆಳಗೆ ಹರಡುತ್ತಿದ್ದವಳು ತಲೆಯೆತ್ತದೆಯೇ ಕೇಳಿದಳು: “ಮೇಲ್ಮನವಿಗೆ ಎಷ್ಟು ದಿನ ಕೊಟ್ಟಿದ್ದಾರೆ?”