ಹಳೇಗಡವು ಊರಿನ ಮ್ಯಾಪು: ಆರು ವಾರದಲ್ಲಿ ಆಗಿದ್ದು, ಇನ್ನೂ ಆಗದೇ ಇರೋದು

ನಾವು ಗೆಳೆಯರು ಟೇಬಲ್ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಕಥೆ ನಡೆಸೋ ಆಟ. ಆಟ ನಡೆಸೋ ಡಿಎಂ ನಾನು. ನಮ್ ಕ್ಯಾಂಪೇನ್‌ಗೆ, ಅಂದ್ರೆ ಸೆಷನ್ ಮೇಲೆ ಸೆಷನ್ ಮುಂದುವರಿಯೋ ಕಥೆಗೆ, ಒಂದು ಊರು ಬೇಕಿತ್ತು. ಪಾರ್ಟಿ, ಅಂದ್ರೆ ಆಟಗಾರರ ಪಾತ್ರಗಳ ಗುಂಪು, ಐದನೇ ಲೆವೆಲ್ಲಿಗೆ ಬಂತು, ಕಾಡು ಗುಹೆ ಅಂತ ಅಲೆದಿದ್ದು ಸಾಕು, ಇನ್ನೊಂದ್ ಹತ್ತು ಸೆಷನ್ ಎಲ್ಲರನ್ನೂ ಒಂದೇ ಕಡೆ ಕೂರಿಸೋಣ ಅಂತ ಪ್ಲಾನು. ಶನಿವಾರ ಭಾನುವಾರ ಕೂತ್ರೆ ಮುಗೀತು ಅಂದ್ಕೊಂಡಿದ್ದೆ. ಈಗ ಆರನೇ ವಾರ ನಡೀತಿದೆ.

ಮೊದಲ ಮ್ಯಾಪ್ ಬಗ್ಗೆ ಹೇಳೋಕೇ ನಾಚಿಕೆ. ಮ್ಯಾಪ್ ಬರೆಯೋ ಇಂಕಾರ್ನೇಟ್ ಸೈಟ್ ಓಪನ್ ಮಾಡಿ ಕಣ್ಣಿಗೆ ಚೆಂದ ಕಂಡ ಮನೆ ಸ್ಟ್ಯಾಂಪ್‌ಗಳನ್ನೆಲ್ಲ ಎಳೆದು ಎಳೆದು ಇಟ್ಟೆ, ನಡುವೆ ಒಂದು ಕೋಟೆ, ಸುತ್ತ ಬಳೆ ಥರ ಗೋಡೆ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಕ್ಯಾಲೆಂಡರ್ ಚಿತ್ರದ ಹಾಗೆ ಬಂದಿತ್ತು, ನಂಗಂತೂ ಭಾರಿ ಖುಷಿ. ಪಾರ್ಟಿಲಿ ರೋಗ್, ಅಂದ್ರೆ ಕಳ್ಳನ ಪಾತ್ರ ಆಡೋ ಗೆಳತಿಗೆ ತೋರಿಸ್ದೆ, ಅವಳು ಕೇಳಿದ್ದು ಎರಡೇ ಪ್ರಶ್ನೆ. ಈ ಜನ ಬೇರೆಲ್ಲೂ ಬಿಟ್ಟು ಇಲ್ಲೇ ಯಾಕೆ ಬಂದು ಮನೆ ಕಟ್ಟಿದ್ರು? ಮತ್ತೆ, ಸಂತೆಯಿಂದ ಊರಬಾಗಿಲಿಗೆ ಎಷ್ಟು ಹೊತ್ತಿನ ದಾರಿ, ಯಾಕಂದ್ರೆ ನಾನು ಹೇಗಿದ್ರೂ ಏನಾದ್ರೂ ಕದ್ದು ಓಡ್ಬೇಕಾಗತ್ತೆ.

ಮೊದಲ್ನೇದಕ್ಕೆ ನನ್ನತ್ರ ಉತ್ತರಾನೇ ಇರ್ಲಿಲ್ಲ. ಹೊಳೆ ಇತ್ತು ನಿಜ, ಆದ್ರೆ ಅಲಂಕಾರಕ್ಕಿತ್ತು, ಅದೂ ಬೆಟ್ಟದಿಂದ ಒಂದಾಗಿ ಇಳಿದು ಊರ ಹತ್ರ ಎರಡಾಗಿ ಸೀಳಿ ಎರಡು ದಿಕ್ಕಿಗೆ ಹೋಗ್ತಿತ್ತು. ಹೊಳೆಗಳು ಇಳೀತಾ ಇಳೀತಾ ಒಂದಕ್ಕೊಂದು ಸೇರ್ಕೊಳ್ತವೆ, ಸಮುದ್ರ ಸೇರೋ ಜಾಗ ಬಿಟ್ರೆ ಹೀಗೆ ಬೇರೆಯಾಗಿ ಹೋಗೋದು ಅಪರೂಪ. ಮ್ಯಾಪ್ ಮಾಡೋಕೆ ಹೊರಟೋರೆಲ್ಲ ಮೊದಲು ಬೈಸ್ಕೊಳ್ಳೋದೇ ಇದಕ್ಕೆ, ನಾನೂ ಬೈಸ್ಕೊಂಡೆ.

ಲ್ಯಾಪ್‌ಟಾಪ್ ಮುಚ್ಚಿಟ್ಟು ಗ್ರಾಫ್ ಹಾಳೆ ಪೆನ್ಸಿಲ್ ಹಿಡ್ಕೊಂಡೆ. ಹೊಳೆ ಒಂದೇ. ಅದು ಒಂದು ಕಡೆ ಅಗಲ ಆಗಿ ಮೊಣಕಾಲುದ್ದ ಹರಿಯುತ್ತೆ, ಗಾಡಿ ದಾಟ್ಬಹುದು. ದಾಟೋ ಜಾಗ ಅಂದ್ಮೇಲೆ ಎರಡೂ ದಡದಿಂದ ದಾರಿಗಳು ಅಲ್ಲಿಗೇ ಬರ್ತವೆ, ಮಳೆಗಾಲದಲ್ಲಿ ನೀರು ಇಳಿಯೋವರೆಗೆ ಕಾಯೋರು ಇರ್ತಾರೆ, ಕಾಯೋರಿಗೆ ಊಟ ಹಾಕೋರು, ಕುದುರೆಗೆ ಲಾಳ ಹೊಡೆಯೋರು, ಹಿಂದೇನೇ ಸುಂಕ ಎತ್ತೋರು. ಸುಂಕದ ಕಟ್ಟೆ ಬಿತ್ತು ಅಂದ್ರೆ ಊರು ಬಂತು ಅಂತಾನೇ ಲೆಕ್ಕ. ಆಮೇಲೆ ಯಾವಾಗ್ಲೋ ಸೇತುವೆ ಕಟ್ಟಿದಾರೆ, ಕಡವು ಈಗ ಯಾರಿಗೂ ಬೇಡ, ಹೆಸರು ಮಾತ್ರ ಉಳ್ಕೊಂಡಿದೆ. ಹಂಗಾಗಿ ಹಳೇಗಡವು. ಮುಂಚೆ ಬ್ಲ್ಯಾಕ್‌ಫೋರ್ಡ್ ಅಂತ ಇಟ್ಟಿದ್ದೆ, ಟೇಬಲ್ಲಲ್ಲಿ ಒಬ್ರಿಗೂ ನೆನಪಿರ್ತಿರ್ಲಿಲ್ಲ, ಒಬ್ಬ ಅಂತೂ ಎರಡು ಸೆಷನ್ ಪೂರ್ತಿ ಬ್ಲ್ಯಾಕ್‌ಬೋರ್ಡ್ ಅಂತಾನೇ ಅಂದ.

ಎರಡನೇ ಪ್ರಶ್ನೆ ನನ್ನ ಮಾನ ಕಳೀತು. 2014ರ ರೂಲ್‌ಬುಕ್ಕಲ್ಲಿ ಟೌನ್ ಅಂದ್ರೆ ಸುಮಾರು 6000 ಜನದವರೆಗೆ, ನಾನು 4000 ಅಂತ ಬರ್ಕೊಂಡಿದ್ದೆ. ಮ್ಯಾಪಲ್ಲಿ ಮನೆ ಎಣಿಸಿದ್ರೆ 140. ಮನೆಗೆ ಐದು ಜನ ಅಂದ್ರೂ 800 ಮನೆ ಬೇಕು. ಮೂಲೇಲಿ ಸುಮ್ನೆ ಚೆಂದಕ್ಕೆ ಒಂದು ಸ್ಕೇಲ್ ಪಟ್ಟಿ ಇಟ್ಟಿದ್ದೆ, ಅದನ್ನ ನಂಬಿದ್ರೆ ಊರು ಒಂದು ಮೈಲಿ ಅಗಲ, ಒಂದೊಂದು ಮನೆ 150 ಅಡಿ, ಡ್ರ್ಯಾಗನ್ ಬಂದು ಬಾಡಿಗೆಗಿರಬಹುದು. ಮಧ್ಯಯುಗದ ಗೋಡೆಯೊಳಗಿನ ಊರುಗಳಿಗೆ ಸಾಮಾನ್ಯವಾಗಿ ಹೇಳೋ ಅಂದಾಜು ಹೆಕ್ಟೇರಿಗೆ 100ರಿಂದ 200 ಜನ. 150 ಹಿಡಿದ್ರೆ ನನ್ನ 4000 ಜನಕ್ಕೆ 27 ಹೆಕ್ಟೇರ್ ಸಾಕು, ಗುಂಡಗಿದ್ರೆ ಈ ತುದಿಯಿಂದ ಆ ತುದಿಗೆ ಸುಮಾರು 1900 ಅಡಿ. ಐದನೇ ಎಡಿಷನ್ ರೂಲ್ಸಲ್ಲಿ ಮಾಮೂಲಿ ನಡಿಗೆ ನಿಮಿಷಕ್ಕೆ 300 ಅಡಿ. ಅಂದ್ರೆ ಇಡೀ ಊರು ದಾಟೋಕೆ ಆರು ನಿಮಿಷ ಚಿಲ್ಲರೆ! ನಾನು ಮೂರು ಸಲ ಲೆಕ್ಕ ಮಾಡ್ದೆ. ರೋಗ್ ಡ್ಯಾಶ್ (ಅದೇ ಸರದಿಲಿ ಇನ್ನೊಂದಷ್ಟು ದೂರ ಓಡೋದು) ಮೇಲೆ ಡ್ಯಾಶ್ ಹಾಕಿ ಆರು ಸೆಕೆಂಡಿನ ರೌಂಡಿಗೆ 90 ಅಡಿ ಓಡಿದ್ರೆ ಎರಡು ನಿಮಿಷದ ಮೇಲೆ ಸ್ವಲ್ಪ, ಹಿಂದೆ ಬರೋ ಕಾವಲಿನವರು 60 ಅಡಿ ಲೆಕ್ಕದಲ್ಲಿ ಮೂರು ನಿಮಿಷದ ಮೇಲೆ. ಆ ಒಂದು ನಿಮಿಷದ ವ್ಯತ್ಯಾಸ ಸಿಕ್ಕಿದ್ದೇ ನಂಗೆ ಚೇಸ್ ಸೀನ್ ಸಿಕ್ಕಂಗಾಯ್ತು, ಮ್ಯಾಪ್ ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದ್ರೂ ಇದು ಸಿಗ್ತಿರ್ಲಿಲ್ಲ.

800 ಮನೆ ಕೈಯಲ್ಲಿ ಬರೆಯೋ ಹುಚ್ಚು ನಂಗಿಲ್ಲ. ಊರಿನ ಮ್ಯಾಪ್ ತಾನಾಗೇ ಮಾಡ್ಕೊಡೋ ವಾಟಬೌ ಜನರೇಟರ್ ಒಂದಿಪ್ಪತ್ತು ಸಲ ಒತ್ತಿ ಬ್ಲಾಕುಗಳು ಹೇಗೆ ಬರ್ತವೆ ಅಂತ ನೋಡ್ದೆ, ಕಾಪಿ ಮಾಡ್ಲಿಲ್ಲ, ಆಕಾರ ಮಾತ್ರ ಕದ್ದೆ. ಸಂತೆಬೀದಿಗೆ ಮುಖ ಮಾಡಿರೋ ಮನೆಗಳು ಮುಂದೆ ಇಕ್ಕಟ್ಟು, ಹಿಂದೆ ಉದ್ದಕ್ಕೆ ಹಿತ್ತಲು, ಯಾಕಂದ್ರೆ ಎಲ್ಲರಿಗೂ ಬೀದಿ ಕಡೆ ಬಾಗಿಲು ಬೇಕು. ಆ ಹಿತ್ತಲುಗಳ ನಡುವಿನ ಸಂದಿ ರೋಗ್‌ಗೆ. ಉಳಿದ ಕಡೆ ಬರೀ ಬೂದು ಬಣ್ಣದ ಬ್ಲಾಕು, ಅಷ್ಟೇ.

ಮೂರನೇ ವಾರ ನಾಲ್ಕನೇ ವಾರ ಪೂರ್ತಿ ಕೊಳಕು ನೀರಿನ ಹಿಂದೆ ಹೋಯ್ತು. ತೊಗಲು ಹದ ಮಾಡೋ ಜಾಗಾನ ಖಾಲಿ ಇತ್ತು ಅಂತ ಹೊಳೆಯ ಮೇಲ್ಗಡೆ ಇಟ್ಟಿದ್ದೆ. ಸುಣ್ಣ, ಉಚ್ಚೆ, ನಾಯಿ ಹೇಲು ಎಲ್ಲಾ ಬಳಸ್ತಿದ್ದ ಕೆಲಸ ಅದು. ಅದೆಲ್ಲ ತೊಳೆದ ನೀರು ಊರವರು ಕೊಡ ತುಂಬಿಸೋ ಮೆಟ್ಟಿಲಿಗೇ ಬರ್ತಿತ್ತು. ಎತ್ತಿ ಕೆಳಗಡೆ, ಗೋಡೆ ಆಚೆ ಇಟ್ಟೆ, ಬಣ್ಣ ಹಾಕೋರನ್ನೂ ಅಲ್ಲಿಗೇ ಕಳಿಸ್ದೆ. ಗಾಳಿ ಪಡುವಣದಿಂದ ಬೀಸುತ್ತೆ ಅಂತ ಒಂದು ಬಾಣ ಹಾಕಿದ್ದೇ ತಡ, ದುಡ್ಡಿರೋರ ಮನೆಗಳು ಎಲ್ಲಿರ್ಬೇಕು ಅನ್ನೋದು ತಾನಾಗೇ ಗೊತ್ತಾಯ್ತು. ನೀರ್‌ಗಿರಣಿಗೆ ಅಂತ ಹೊಳೆಗೆ ಅಡ್ಡ ಒಂದು ಒಡ್ಡು ಹಾಕ್ದೆ, ಅಯ್ಯೋ ಇನ್ನು ದೋಣಿ ಹೇಗೆ ದಾಟುತ್ತೆ? ದಾಟಲ್ಲ. ಸಾಮಾನೆಲ್ಲ ಅಲ್ಲೇ ಇಳಿಸಿ ಹೊತ್ಕೊಂಡು ಹೋಗಿ ಆಚೆ ಇನ್ನೊಂದು ದೋಣಿಗೆ ತುಂಬಬೇಕು. ಅಲ್ಲಿಗೆ ಹಮಾಲಿಗಳ ಸಂಘ ಹುಟ್ಟಿತು, ಗಿರಣಿ ಯಜಮಾನನ ಜೊತೆ ಜಗಳಾನೂ ಹುಟ್ಟಿತು. ನಾನು ಕಥೆ ಬರೀಲೇ ಇಲ್ಲ, ಒಂದು ಗೆರೆ ಎಳೆದೆ ಅಷ್ಟೇ.

ಗೋಡೆಗೆ ಸ್ವಿಟ್ಜರ್ಲೆಂಡಿನ ಬರ್ನ್ ಊರನ್ನ ನೋಡ್ದೆ. 1191ರಲ್ಲಿ ಶುರುವಾದ ಊರು, ಮೂರು ಕಡೆ ಆರೆ ನದಿ ಬಳಸ್ಕೊಂಡು ಹೋಗಿದೆ, ಬೆಳೆಯೋಕೆ ಪಶ್ಚಿಮ ಒಂದೇ ದಾರಿ, ಊರು ಬೆಳೆದಂಗೆಲ್ಲ ಗೋಡೇನೂ ಪಶ್ಚಿಮಕ್ಕೆ ಜರುಗಿದೆ. ಹಳೇ ಊರಬಾಗಿಲು ಒಳಗೇ ಉಳ್ಕೊಂಡು ಸ್ವಲ್ಪ ಕಾಲ ಜೈಲಾಗಿತ್ತು, ಅದೇ ಈಗಿನ ಗಡಿಯಾರ ಗೋಪುರ. ಇದನ್ನ ಓದಿದ ದಿನವೇ ನನ್ನ ಗುಂಡನೆ ಗೋಡೆ ಅಳಿಸಿ ಹಾಕ್ದೆ. ಹಳೇಗಡವಿಗೂ ಈಗ ಒಂದು ಹಳೇ ಗೋಡೆ ಇದೆ, ಅರ್ಧ ಬಿದ್ದು ಅದರ ಜಾಗದಲ್ಲಿ ಬಿಲ್ಲಿನ ಥರ ಬಗ್ಗಿರೋ ಒಂದು ಓಣಿ, ಓಣಿ ತುದೀಲಿ ಹಳೇ ಬಾಗಿಲು, ಅದೇ ಸೆರೆಮನೆ.

ಮೊನ್ನೆ ಎಡವಟ್ಟು ಮಾಡ್ದೆ. ಪ್ಲೇಯರ್ ಕಾಪಿ ಎಕ್ಸ್‌ಪೋರ್ಟ್ ಮಾಡಿ ಗ್ರೂಪಿಗೆ ಹಾಕ್ದೆ, ಗುಟ್ಟೆಲ್ಲ ಬರೆದಿಟ್ಟಿರೋ ನನ್ನ ಲೇಯರ್ ಆಫ್ ಮಾಡೋದೇ ಮರೆತಿದ್ದೆ. ಎರಡು ನಿಮಿಷಕ್ಕೆ ರೋಗ್ ಮೆಸೇಜು: ‘ಡಿಎಮ್ಮೇ, ಸೆರೆಮನೆ ಹಿಂದೆ "ಸುರಂಗದ ಬಾಯಿ, ಹೇಳ್ಬೇಡ" ಅಂತಿದೆ, ಹೇಳ್ಲಾ ಬೇಡ್ವಾ?’ ಡಿಲೀಟ್ ಮಾಡೋಷ್ಟ್ರಲ್ಲಿ ಎಲ್ಲರೂ ಸೇವ್ ಮಾಡ್ಕೊಂಡಿದ್ರು. ಒಂದಿನ ತಲೆ ಕೆಡಿಸ್ಕೊಂಡು ಆಮೇಲೆ ಸುರಂಗ ಅಲ್ಲೇ ಇರ್ಲಿ ಅಂತ ಬಿಟ್ಟೆ. ಈಗ ಅದು ಊರಿಗೆಲ್ಲ ಗೊತ್ತಿರೋ ಸುರಂಗ, ಕಾವಲಿನವರೇ ಒಳಗೆ ಕೂತು ದಾಟೋರ ಹತ್ರ ಕಾಸು ಇಸ್ಕೊಳ್ತಾರೆ. ಅವಳಿಗೆ ಇನ್ನೂ ಗೊತ್ತಿಲ್ಲ, ಶುಕ್ರವಾರ ಸೆಷನ್ನು.

ಅಷ್ಟರೊಳಗೆ ಸೇತುವೆ ಹತ್ರದ ಒಂದು ಬೀದಿನ ಮಾತ್ರ ಐದಡಿ ಚೌಕದ ಬ್ಯಾಟಲ್‌ಮ್ಯಾಪ್ ಮಾಡ್ಬೇಕು, ಹೊಡೆದಾಟ ಆದ್ರೆ ಅಲ್ಲೇ ಆಗೋದು. ಆಚೆ ದಡ ಪೂರ್ತಿ ಖಾಲಿ ಬಿಟ್ಟಿದೀನಿ. ಅಲ್ಲಿ ಏನಿದೆ ಅಂತ ಯಾರಾದ್ರೂ ಕೇಳಿದ್ರೆ ಇವತ್ತು ಹೊಳೆ ತುಂಬಿದೆ, ಸೇತುವೆ ಮುಚ್ಚಿದಾರೆ ಅಂತೀನಿ.