‘ಮನಸ್ಸಾದ್ರೂ ಹೇಗೆ ಬಂತು?’ ಅಂತ ಕೇಳುವವರಿಗೆ

ಏಪ್ರಿಲ್ ಬಂದರೆ ಸಾಕು, ಲಿಫ್ಟಿನಲ್ಲಿ, ಮದುವೆ ಮನೆಯಲ್ಲಿ, ತರಕಾರಿ ಗಾಡಿ ಹತ್ತಿರ ಒಂದೇ ಪ್ರಶ್ನೆ. ‘ಮಗಳನ್ನ ಐದು ದಿನ ಕ್ಯಾಂಪಿಗೆ ಕಳಿಸ್ತೀರಂತೆ, ರಾತ್ರಿನೂ ಅಲ್ಲೇ ಅಂತೆ. ಎಷ್ಟು ವಯಸ್ಸಿಗೆ ಕಳಿಸಬಹುದು?’ ಇಷ್ಟೇ ಆಗಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಹಿಂದೆಯೇ ಇನ್ನೊಂದು ಬರುತ್ತದೆ. ‘ಅಲ್ಲಾ, ನಿಮಗೆ ಮನಸ್ಸಾದ್ರೂ ಹೇಗೆ ಬಂತು?’

ಬಂತು. ಏನೀಗ?

ನವೋದಯ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಕ್ಕರೆ ಇದೇ ಜನ ಪೇಢಾ ಹಂಚುತ್ತಾರೆ. ಅಲ್ಲಿ ಹನ್ನೆರಡನೇ ಕ್ಲಾಸಿನವರೆಗೂ ಹಾಸ್ಟೆಲ್ ವಾಸ. ಏಳು ವರ್ಷಕ್ಕೆ ಪೇಢಾ, ಐದು ದಿನಕ್ಕೆ ಪಂಚಾಯ್ತಿ! ಇನ್ನೊಂದು ವಿಷಯ. ಮಗಳನ್ನು ಬಸ್ ಹತ್ತಿಸಿ ಬಂದವರು ನನ್ನ ಗಂಡ. ಅವರ ಮನಸ್ಸನ್ನು ಈವರೆಗೆ ಯಾರೂ ವಿಚಾರಿಸಿಲ್ಲ.

ಸುಳ್ಳೇಕೆ, ಮೊದಲ ಸಲ ಕೆಟ್ಟಿತ್ತು. ಅವಳಿಗಾಗ ಎಂಟು ವರ್ಷ. ಕ್ಯಾಂಪ್ ಇದ್ದದ್ದು ಸಕಲೇಶಪುರದ ಕಡೆ, ಒಂದು ಕಾಫಿ ತೋಟದಲ್ಲಿ. ಹೊರಡುವಾಗ ನಾನು ಕಿವಿಯಲ್ಲಿ ಹೇಳಿದ್ದೆ, ‘ಬೇಜಾರಾದ್ರೆ ಫೋನ್ ಮಾಡ್ಸು ಪುಟ್ಟಿ, ಎಷ್ಟು ಹೊತ್ತಾದ್ರೂ ಬಂದು ಕರ್ಕೊಂಡು ಬರ್ತೀನಿ.’ ಎರಡನೇ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. ಮಾತಿಲ್ಲ, ಬರೀ ಅಳು. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್. ಹಾಸನದವರೆಗೂ ನಾನೂ ಮೂಗು ಒರೆಸಿಕೊಂಡೇ ಕೂತಿದ್ದೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು ಅನ್ನಿ. ಮಗಳು ನನ್ನನ್ನು ಬಿಟ್ಟಿರಲಾರಳು!

ಬೆಳಗಿನ ಜಾವ ಮೂರಕ್ಕೆ ಹೋಗಿ ನೋಡಿದರೆ ಸಂಗತಿಯೇ ಬೇರೆ. ಅವಳು ಎರಡು ದಿನದಿಂದ ಕಕ್ಕಸಿಗೇ ಹೋಗಿರಲಿಲ್ಲ. ಅಲ್ಲಿದ್ದದ್ದು ಕುಕ್ಕರುಗಾಲಿನಲ್ಲಿ ಕೂರುವ ಕಕ್ಕಸು. ನಮ್ಮ ಫ್ಲಾಟಿನಲ್ಲಿ ಇರುವುದು ಕಮೋಡ್. ಅಜ್ಜಿ ಮನೆಯಲ್ಲೂ ಮಂಡಿ ನೋವು ಅಂತ ಕಮೋಡ್ ಹಾಕಿಸಿದ್ದೆವು. ಕ್ಯಾಂಪಿನ ಅಕ್ಕನಿಗೆ ಹೇಳಲು ನಾಚಿಕೆ. ಅಳು ಹೊಟ್ಟೆನೋವಿನದು. ನನ್ನ ನೆನಪು ಅವಳಿಗೆ ಬಂದಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗೆ ಆಗಲಿಲ್ಲ.

ಹಾಗಾಗಿ ವಯಸ್ಸು ಕೇಳಬೇಡಿ. ಯಾವ ಕಕ್ಕಸಿನಲ್ಲಾದರೂ ಕೂರುತ್ತದಾ, ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುತ್ತದಾ, ಗುರುತಿಲ್ಲದ ದೊಡ್ಡವರ ಹತ್ತಿರ ಹೋಗಿ ‘ಹೊಟ್ಟೆ ನೋಯ್ತಿದೆ’ ಅನ್ನುತ್ತದಾ, ಅಷ್ಟು ನೋಡಿ. ‘ಅಜ್ಜಿ ಮನೇಲಿ ವಾರಗಟ್ಟಲೆ ಇರ್ತಾಳಲ್ಲ’ ಅನ್ನುವುದು ಲೆಕ್ಕಕ್ಕಿಲ್ಲ. ಅಲ್ಲಿ ಮಗು ಮಗ್ಗುಲು ಬದಲಿಸಿದರೂ ಅಜ್ಜಿ ಎದ್ದು ಕೂರುತ್ತಾರೆ.

ನಾನು ಕಿವಿಯಲ್ಲಿ ಹೇಳಿದ ಮಾತೂ ತಪ್ಪೇ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2007ರಲ್ಲಿ ಮನೆ ನೆನಪಾಗಿ ಕೊರಗುವ ಮಕ್ಕಳ ಬಗ್ಗೆ ಒಂದು ವರದಿ ತಂದಿತ್ತು. ‘ಬೇಜಾರಾದರೆ ಬಂದು ಕರೆದುಕೊಂಡು ಹೋಗುತ್ತೇನೆ’ ಅಂತ ಮಾತು ಕೊಡಬೇಡಿ ಎನ್ನುತ್ತದೆ ಅದು. ನೀನು ಇರಲಾರೆ ಅಂತ ನಾವೇ ಮೊದಲು ಹೇಳಿದ ಹಾಗೆ ಆಗುತ್ತದಲ್ಲ.

ಇಷ್ಟು ಜನ ಕೇಳಿದರು. ‘ರಾತ್ರಿ ಮಕ್ಕಳ ಜೊತೆ ಯಾರು ಮಲಗ್ತಾರೆ?’ ಅಂತ ಒಬ್ಬರೂ ಕೇಳಲಿಲ್ಲ. ನನ್ನ ಮನಸ್ಸಿನ ಬದಲು ಅದನ್ನು ಕೇಳಬಾರದೇ? ಹೆಂಗಸರು ಎಷ್ಟು ಜನ ಇರುತ್ತಾರೆ? ಕತ್ತಲಲ್ಲಿ ಕಕ್ಕಸಿಗೆ ಯಾರು ಕರೆದುಕೊಂಡು ಹೋಗುತ್ತಾರೆ? ಮಗುವಿಗೆ ಯಾರಾದರೂ ಲೈಂಗಿಕ ಕಿರುಕುಳ ಕೊಟ್ಟರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು ಅನ್ನುವುದು ಅಡುಗೆಯವರಿಗೂ ಡ್ರೈವರಿಗೂ ಗೊತ್ತಾ?

ಮರುವರ್ಷ ಇನ್ನೊಂದು ಕ್ಯಾಂಪಿಗೆ ಫೋನ್ ಮಾಡಿ ಇದನ್ನೆಲ್ಲ ಕೇಳಿದೆ. ‘ಏನ್ ಮೇಡಂ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂದರು.

ಇಲ್ಲ ಅಂದೆ. ಮುಂದಿನ ನಂಬರಿಗೆ ಮಾಡಿದೆ. ಅಲ್ಲಿ ಫೋನ್ ಎತ್ತಿದಾಕೆ ಒಂದೊಂದಕ್ಕೂ ನಿಧಾನವಾಗಿ ಉತ್ತರ ಹೇಳಿ, ಕೊನೆಗೆ ತಾನೇ ಕೇಳಿದಳು, ‘ಮಗುಗೆ ಇಂಡಿಯನ್ ಟಾಯ್ಲೆಟ್ ಅಭ್ಯಾಸ ಇದೆಯಾ ಮೇಡಂ?’

ಅಲ್ಲಿಗೇ ದುಡ್ಡು ಕಟ್ಟಿದೆ.