ಅವ್ವನ ಬದಲಿಗೆ ಒಂದು ಸಂಕಷ್ಟಿ

ಅವ್ವ 30 ವರ್ಷದಿಂದ ಗಣಪತಿಯ ಸಂಕಷ್ಟಿ ಉಪವಾಸ ತಪ್ಪಿಸಿದವಳಲ್ಲ. ಈ ಸಲ ಶ್ರಾವಣದ ಸಂಕಷ್ಟಿ ಮಂಗಳವಾರ ಬಂದಿತ್ತು. ಅಂದರೆ ಅಂಗಾರಕಿ. ಆದರೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ, ಹೊಟ್ಟೆ ಖಾಲಿ ಬಿಡಲೇಬಾರದು ಅಂತ ಡಾಕ್ಟರು ಹೇಳಿದ್ದರು. ಅವ್ವ ವಾದ ಮಾಡಲಿಲ್ಲ. ಹಿಂದಿನ ರಾತ್ರಿ ನನ್ನನ್ನು ಕರೆದು, "ನನ್ನ ಬದ್ಲಿ ನೀ ಹಿಡೀತೀಯೇನವಾ?" ಅಂದಳು.

ಧಾರವಾಡದ ಶ್ರಾವಣ ಗೊತ್ತಲ್ವಾ, ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಕೊಡೆ ಹಿಡಿದುಕೊಂಡು ಸೂಪರ್ ಮಾರ್ಕೆಟಿಗೆ ಹೋಗಿ ಗರಿಕೆ, ಕೆಂಪು ದಾಸವಾಳ ತಂದೆ. ಗರಿಕೆ ಆರಿಸಲು ಅವ್ವ ಕೂತಳು. ಕನ್ನಡಕ ಹಾಕಲಿಲ್ಲ. ತುದಿಯನ್ನು ಬೆರಳಲ್ಲಿ ಸವರಿ ಮೂರೆಳೆಯದನ್ನು ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಇಡುತ್ತಾ ಹೋದಳು. 21 ಆದ ಮೇಲೆ ದಾರ ಸುತ್ತಿ, ನೀರು ಚಿಮುಕಿಸಿ ಬಟ್ಟಲಲ್ಲಿಟ್ಟಳು. ನಾನು ಆರಿಸಿದ್ದರಲ್ಲಿ ನಾಲ್ಕನ್ನು ಸುಮ್ನೆ ತೆಗೆದು ಪಕ್ಕಕ್ಕಿಟ್ಟಿದ್ದಳು.

ಮಧ್ಯಾಹ್ನ ಒಂದು ಬಾಳೆಹಣ್ಣಿನಲ್ಲಿ ಕಳೆಯಿತು. ಕಷ್ಟವಾಗಿದ್ದು ಸಂಜೆ. ಒಣಕೊಬ್ಬರಿ, ಬೆಲ್ಲ, ಗಸಗಸೆ ಹಾಕಿ ಹೂರಣ ಮಾಡಿ ಮೋದಕ ಕರಿಯುವಾಗ ಬಂದ ವಾಸನೆಗೆ ಹೊಟ್ಟೆ ಚುರುಗುಟ್ಟಿತು.

ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಬರುತ್ತಾನೆ. ಆಮೇಲೆ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ತಡ. ಸಂಕಷ್ಟಿ ಬರುವುದು ಹುಣ್ಣಿಮೆ ಕಳೆದ ಮೇಲಿನ ಚೌತಿಗೆ, ಉಪವಾಸ ಬಿಡುವುದು ಚಂದ್ರನನ್ನು ನೋಡಿ. ಹಾಗಾಗಿ ಸಂಕಷ್ಟಿಯವರು ರಾತ್ರಿವರೆಗೂ ಕಾಯಲೇಬೇಕು. ಭಾದ್ರಪದದ ಚೌತಿಯಂದು ನೋಡಬಾರದ ಅದೇ ಚಂದ್ರನನ್ನು ಸಂಕಷ್ಟಿಗೆ ಕಾದು ನೋಡುತ್ತೇವೆ. ಇದು ನನಗೆ ಬಹಳ ಇಷ್ಟ.

ಪಂಚಾಂಗದಲ್ಲಿ 9 ಗಂಟೆ 12 ನಿಮಿಷ ಅಂತಿತ್ತು. ಮಾಳಿಗೆಗೆ ಹೋದರೆ ಬರೀ ಮೋಡ. 9:30 ಆಯಿತು. ನನಗೆ ಕಾಣಲೇಬೇಕು ಅನ್ನುವ ಹಟ. ಅವ್ವ ಮೆಟ್ಟಿಲ ಮೇಲೆ ಕೂತು, "ಹೊತ್ತಾತು, ನೀರು ಬಿಡು. ಕಾಣ್ಲಿಲ್ಲಂದ್ರೂ ಅವ ಬಂದಾನ," ಅಂದಳು. ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ ಬಿಟ್ಟೆ. ತಂಬಿಗೆಯ ನೀರು ಮಳೆ ನೀರಲ್ಲೇ ಸೇರಿ ಹರಿದುಹೋಯಿತು.

ಕೆಳಗೆ ಬಂದು ನೋಡಿದರೆ, 8 ಗಂಟೆಗೆ ಅವಳಿಗೆ ಬಡಿಸಿಟ್ಟ ಚಪಾತಿ, ಪಲ್ಯ ಹಾಗೇ ಇತ್ತು.

"ಅವ್ವಾ, ಇದೇನು?" ಅಂತ ಸಿಟ್ಟಿನಿಂದಲೇ ಕೇಳಿದೆ. ಗುಳಿಗೆಯ ಹೊತ್ತೂ ದಾಟಿತ್ತು.

"ಮುಂಜಾನಿ, ಮಧ್ಯಾಹ್ನ ಉಂಡೇನಲ್ಲ. ನೀ ಕಾಯಾಕತ್ತಿದ್ದಿ, ನಾ ಹೆಂಗ ಉಣ್ಲಿ?"

ಗುಳಿಗೆ ಕೊಟ್ಟೆ. ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತೆವು. ಒಂದು ಮೋದಕ ಮುರಿದು, ಚೂರು ತಾನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನನ್ನ ತಾಟಿಗಿಟ್ಟಳು. ಕೈ ತೊಳೆದವಳೇ ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿದಳು.

"ಮುಂದಿಂದು ಗುರುವಾರ ಬಂದೈತಿ," ಅಂದಳು. "ನಿನಗ ರಜಾ ಸಿಗ್ತೈತೇನು?"